ಪಕ್ಕದ ಸೀಟಿನಿಂದ ಕಂಡಷ್ಟು

ಮನೆ, ಊಟದ ಮೇಜು
ಸೋಮವಾರ ಬೆಳಿಗ್ಗೆ

ಪ್ರೀತಿಯ ಇವಳೇ,

ಮದುವೆಯಾದಾಗಿನಿಂದ ನಿನ್ನನ್ನು ‘ಇವಳೇ’ ಎಂದೇ ಕರೆದಿರುವುದರಿಂದ ಕಾಗದದಲ್ಲಿ ಬೇರೆ ಏನು ಬರೆಯಬೇಕೆಂದು ತೋಚಲಿಲ್ಲ. ಹೆಸರು ಬರೆದರೆ ಯಾರೋ ಪರಸ್ತ್ರೀಗೆ ಬರೆದ ಹಾಗಾಗುತ್ತದೆ. ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ಮಾತ್ರೆಗಳನ್ನು ನೆನಪಿಟ್ಟು ನುಂಗುತ್ತಿದ್ದೀಯೋ, ಇಲ್ಲ ಅಕ್ಕನ ಜೊತೆ ಹರಟೆಯಲ್ಲಿ ಅವನ್ನೂ ಮರೆತುಬಿಟ್ಟಿದ್ದೀಯೋ? ನಿನ್ನ ಅಕ್ಕನ ಮಂಡಿ ವಾಸಿಯಾಗಿ ಅವಳು ಮಾರುಕಟ್ಟೆಗೆ ಓಡಾಡಿಕೊಂಡಿದ್ದಾಳೆಂದು ನಿನ್ನ ಭಾವ ಮೊನ್ನೆ ಬಾಯಿ ಬಿಟ್ಟರು. ಆದ್ದರಿಂದ ಮಂಡಿಯ ನೆಪ ಇನ್ನು ನಡೆಯುವುದಿಲ್ಲ. ಫೋನ್ ಮಾಡಿದರೆ ನೀನು “ಕಣ್ಣು ತೋರಿಸ್ಕೊಂಡ್ರಾ?” ಎಂದು ಕೇಳುತ್ತೀಯ, ಇಲ್ಲ ಎಂದ ಕೂಡಲೇ ಇಟ್ಟುಬಿಡುತ್ತೀಯ. ಅದಕ್ಕೇ ಕಾಗದ. ಇದನ್ನೂ ಅರ್ಧಕ್ಕೆ ಇಡಬೇಡ, ಪೂರ್ತಿ ಓದು.

ಪಕ್ಕದ ಮನೆಯ ಗೇಟಿನ ಕಂಬಕ್ಕೆ ಕಾರು ತಗುಲಿದ್ದಕ್ಕೆ ಇಷ್ಟು ರಾದ್ಧಾಂತ ಮಾಡಿದ ಹೆಂಗಸು ಜಗತ್ತಿನಲ್ಲಿ ನೀನೊಬ್ಬಳೇ. ಚೀಲ ತುಂಬಿಕೊಂಡು ಬಾಗಿಲಲ್ಲಿ ನಿಂತು, “ನೀವು ಕಣ್ಣು ತೋರಿಸ್ಕೊಳ್ಳೋವರೆಗೂ ನಾನು ನಿಮ್ಮ ಕಾರಲ್ಲಿ ಕೂರಲ್ಲ, ಈ ಮನೇಲೂ ಇರಲ್ಲ” ಎಂದೆಯಲ್ಲ, ಆ ಮಾತು ಪಕ್ಕದ ಮನೆಯವನಿಗೂ ಕೇಳಿಸಿತು. ಅವನಿಗೆ ಎಷ್ಟು ಖುಷಿಯಾಯಿತೆಂದರೆ ಆ ದಿನವಿಡೀ ಅಂಗಳದಲ್ಲಿ ಸಿಳ್ಳೆ ಹಾಕಿಕೊಂಡು ತಿರುಗುತ್ತಿದ್ದ. ಕಂಬಕ್ಕೆ ರಸ್ತೆಯ ಬಣ್ಣವನ್ನೇ ಬಳಿದ ಮೂರ್ಖ ಅವನು, ಶಿಕ್ಷೆ ಮಾತ್ರ ನನಗೆ. ಕಾರಿಗೆ ಆದದ್ದು ಒಂದು ಗೀರು. ಈ ಊರಿನ ಅರ್ಧ ಜನಕ್ಕೆ ಸ್ಟೇರಿಂಗ್ ಹಿಡಿಯುವುದನ್ನು ಕಲಿಸಿದವನು ನಾನು. ಉಳಿದ ಅರ್ಧ ಜನ ಬೇರೆ ಕಡೆ ಕಲಿತರು, ಅವರು ಹೇಗೆ ಓಡಿಸುತ್ತಾರೆಂದು ನೀನೇ ರಸ್ತೆಗಿಳಿದು ನೋಡು. ಅಂಥವನಿಗೆ ಕಣ್ಣು ಕಾಣುವುದಿಲ್ಲ ಎನ್ನುತ್ತೀಯ! ನೀನಿಲ್ಲದೆ ಟೀಗೆ ರುಚಿಯಿಲ್ಲ ಎಂದು ಬರೆಯುತ್ತೇನೆ ಅಂದುಕೊಂಡಿದ್ದರೆ ಅದನ್ನು ಮರೆತುಬಿಡು. ಟೀ ನಾನೇ ಚೆನ್ನಾಗಿ ಮಾಡುತ್ತೇನೆ. ಸಕ್ಕರೆ ಜಾಸ್ತಿ ಹಾಕಿಕೊಂಡಾಗ ಬೈಯುವವರಿಲ್ಲ, ಅಷ್ಟೇ.

ಈಗ ನಿನ್ನೆಯ ಸುದ್ದಿ. ನಿನ್ನೆ ನನ್ನನ್ನು ಪ್ರವಾಸಕ್ಕೆ ಹೊತ್ತೊಯ್ದಿದ್ದರು. ಹೊತ್ತೊಯ್ದರು ಎಂಬುದೇ ಸರಿಯಾದ ಮಾತು. ನಿನ್ನ ಮಗಳು ಬೆಳ್ಳಂಬೆಳಗ್ಗೆ ಹೊಸ ಕಾರಿನ ಸಮೇತ ಬಾಗಿಲಿಗೆ ಬಂದು, “ಅಪ್ಪಾ, ಹೊರಡು. ಹಳೇ ಕಾಲದ ಕಲ್ಲುಗಳು, ಪಾಳುಬಿದ್ದ ಪಟ್ಟಣ, ಆಮೇಲೆ ಸಮುದ್ರದ ದಂಡೆ ಹಿಡ್ಕೊಂಡು ವಾಪಸ್. ನಾನು ಓಡಿಸ್ತೀನಿ, ನೀನು ಆರಾಮಾಗಿ ನೋಡ್ಕೊಂಡು ಬಾ” ಎಂದಳು. ನೋಡಿಕೊಂಡು ಬರಬೇಕಂತೆ! ಆ ‘ನೋಡು’ ಎಂಬ ಮಾತಿನ ಹಿಂದೆ ನಿನ್ನ ಕೈವಾಡ ಇದೆಯೆಂದು ಗೊತ್ತಾಗದಷ್ಟು ದಡ್ಡ ನಾನಲ್ಲ. ತಾಯಿ ಮಗಳು ಫೋನಿನಲ್ಲಿ ಮಸಲತ್ತು ಮಾಡಿ, ನನ್ನನ್ನು ದಿನವಿಡೀ ಪಕ್ಕದ ಸೀಟಿನಲ್ಲಿ ಕೂರಿಸಿ, ಇವನಿಗೆ ಏನು ಕಾಣುತ್ತದೆ ಏನು ಕಾಣುವುದಿಲ್ಲ ಎಂದು ಪರೀಕ್ಷೆ ಇಟ್ಟಿದ್ದಿರಿ. ಪರೀಕ್ಷೆ ಮಾಡುವುದು ನನ್ನ ಕೆಲಸ, ಮಾಡಿಸಿಕೊಳ್ಳುವುದಲ್ಲ. ಆದರೂ ಹೋದೆ. ಅವಳ ಹೊಸ ಕಾರಿನ ಜಂಬವನ್ನು ಒಮ್ಮೆ ಝಾಡಿಸಬೇಕಿತ್ತು.

ಆ ಕಾರನ್ನು ನೀನು ನೋಡಬೇಕು. ಬಾಗಿಲು ಮುಚ್ಚಿದರೆ ಸದ್ದೇ ಬರುವುದಿಲ್ಲ, ಮುಚ್ಚಿತೋ ಇಲ್ಲವೋ ಎಂದು ನಾನು ಮೂರು ಸಲ ಮುಚ್ಚಿದೆ. ಮುಂದೆ ಒಂದು ಟಿ.ವಿ. ಅದರೊಳಗೆ ಒಬ್ಬ ಹೆಂಗಸು. ಅವಳು ಕಣ್ಣಿಗೆ ಕಾಣಿಸಿಕೊಳ್ಳದೆ “ಬಲಕ್ಕೆ ತಿರುಗಿ, ಎಡಕ್ಕೆ ತಿರುಗಿ” ಎಂದು ಅಪ್ಪಣೆ ಕೊಡುತ್ತಾಳೆ, ನಿನ್ನ ಮಗಳು ತಲೆಯಾಡಿಸಿಕೊಂಡು ತಿರುಗಿಸುತ್ತಾಳೆ. ನಾನು ಹೇಳಿದಾಗ ಒಂದು ದಿನವಾದರೂ ಹೀಗೆ ಕೇಳಿದ್ದಳೇ? ಆ ಹೆಂಗಸಿಗೆ ಲೈಸೆನ್ಸ್ ಇದೆಯೇ ಎಂದು ಕೇಳಿದೆ. ಹಿಂದಿನ ಸೀಟಿನಲ್ಲಿ ಕೂತಿದ್ದ ನಮ್ಮ ಅಳಿಯಂದಿರು, “ಇರಬಹುದು ಮಾವ, ಇಲ್ದೇನೂ ಇರಬಹುದು” ಎಂದರು.

ಅವನಿಗೆ ನಾನಿಟ್ಟ ‘ಹಾಫ್ ಕ್ಲಚ್’ ಎಂಬ ಹೆಸರು ನಿನಗೆ ಇವತ್ತಿಗೂ ಇಷ್ಟವಿಲ್ಲ, ಗೊತ್ತು. ಆದರೆ ನೀನೇ ಹೇಳು. ಕಾರು ಕಲಿಯಲು ನಮ್ಮ ಶಾಲೆಗೆ ಬಂದು, ಗೇರು ಹಿಡಿಯುವುದನ್ನು ಬಿಟ್ಟು ನಮ್ಮ ಮಗಳ ಕೈ ಹಿಡಿದವನು. ಲೈಸೆನ್ಸ್ ಇವತ್ತಿಗೂ ಬಂದಿಲ್ಲ. ಕ್ಲಚ್ಚನ್ನು ಪೂರ್ತಿ ಒತ್ತಲೂ ಇಲ್ಲ, ಪೂರ್ತಿ ಬಿಡಲೂ ಇಲ್ಲ, ಗಾಡಿ ನಿಂತಲ್ಲೇ ನಡುಗುತ್ತಿತ್ತು. ಮಾತೂ ಹಾಗೆಯೇ. ಹಸಿವೆಯೇ ಎಂದು ಕೇಳಿದರೆ “ತಿನ್ನಬಹುದು, ತಿನ್ನದಿದ್ರೂ ನಡೆಯುತ್ತೆ” ಎನ್ನುವ ಪ್ರಾಣಿ. ಔಷಧಿ ಅಂಗಡಿ ಇಟ್ಟಿದ್ದಾನಲ್ಲ, ಅಲ್ಲಿ ಕೆಮ್ಮಿಗೆ ಮಾತ್ರೆ ಕೇಳಿದವರಿಗೂ ಹೀಗೇ ಹೇಳುತ್ತಾನೋ ಏನೋ. ಅವನ ನೆರೆಹೊರೆಯವರ ಆಯಸ್ಸು ಗಟ್ಟಿಯಿರಬೇಕು.

ಇನ್ನು ನನ್ನ ಕಾಲಿನ ವಿಷಯ. ಶಾಲೆಯ ಕಾರಿನಲ್ಲಿ ಕಲಿಸುವವನ ಕಾಲಡಿಯಲ್ಲೂ ಒಂದು ಬ್ರೇಕ್ ಇರುವುದರಿಂದ ಯಾವ ಗಾಡಿಯ ಪಕ್ಕದ ಸೀಟಿನಲ್ಲಿ ಕೂತರೂ ನನ್ನ ಕಾಲು ತಾನಾಗಿ ನೆಲ ಒತ್ತುತ್ತದೆ. ಬಸ್ಸಿನಲ್ಲೂ ಒತ್ತುತ್ತದೆ. ಸಿನೆಮಾದಲ್ಲಿ ಲಾರಿ ಎದುರಿಗೆ ಬಂದಾಗ ನಾನು ಮುಂದಿನ ಸೀಟಿನವನ ಬೆನ್ನಿಗೆ ಒದ್ದೆ, ನೀನು ಅವನ ಹೆಂಡತಿಯ ಹತ್ತಿರ ಕ್ಷಮೆ ಕೇಳಿದ್ದೆಯಲ್ಲ! ನಿನ್ನೆ ಊರು ದಾಟುವಷ್ಟರಲ್ಲಿ ನಿನ್ನ ಮಗಳ ಹೊಸ ಮ್ಯಾಟು ನಜ್ಜುಗುಜ್ಜಾಗಿತ್ತು. ನಾಯಿ ಬಂತು, ಒತ್ತಿದೆ. ಲಾರಿಯವನು ತಿರುವಿನ ದೀಪ ಹಾಕದೆ ನಮ್ಮ ಮುಂದಕ್ಕೆ ನುಗ್ಗಿದ, ಒತ್ತಿದೆ. ಅವಳು ನಕ್ಕು, “ಅಪ್ಪಾ, ನಿನ್ನ ಕಾಲೇ ನಂಗೆ ಸಿಗ್ನಲ್ಲು. ಅದು ಅಲ್ಲಾಡಿದ್ರೆ ನಾನೂ ಬ್ರೇಕ್ ಹಾಕ್ಬಿಡ್ತೀನಿ” ಎಂದಳು. ಗೇಲಿಗೆ ಹೇಳಿದಳೋ ಅಭಿಮಾನಕ್ಕೆ ಹೇಳಿದಳೋ ತಿಳಿಯಲಿಲ್ಲ. ಆದರೆ ಮಾತು ನಿಜ. ನಮ್ಮ ಶಾಲೆಗೆ ಜನ ಬರುವುದು ನನ್ನ ಸಿಹಿ ಮಾತಿಗಲ್ಲ. ಪಕ್ಕದಲ್ಲಿ ಆ ಕಾಲು ಇದೆ ಎಂಬ ಧೈರ್ಯಕ್ಕೆ ಬರುತ್ತಾರೆ.

ಮೊದಲು ಕಲ್ಲುಗಳು. ಒಂದು ಬಯಲು, ಅದರ ನಡುವೆ ಆಳೆತ್ತರದ ಕಲ್ಲುಗಳನ್ನು ದುಂಡಗೆ ನಿಲ್ಲಿಸಿದ್ದಾರೆ. ಅಷ್ಟೇ. ಯಾರು ನಿಲ್ಲಿಸಿದರು, ಏಕೆ ನಿಲ್ಲಿಸಿದರು, ಯಾರಿಗೂ ಗೊತ್ತಿಲ್ಲ. ಗೊತ್ತಿಲ್ಲ ಎಂಬುದನ್ನೇ ದೊಡ್ಡ ಬೋರ್ಡಿನಲ್ಲಿ ಬರೆದು ನೆಟ್ಟಿದ್ದಾರೆ. ಅಕ್ಷರಗಳು ಇರುವೆಗಳಿಗಾಗಿ ಬರೆದಷ್ಟು ಚಿಕ್ಕವು, ನಾನು ಓದುವ ಗೋಜಿಗೆ ಹೋಗಲಿಲ್ಲ. ಅಳಿಯ ಗಟ್ಟಿಯಾಗಿ ಓದಿದ. ಸ್ಮಶಾನ ಇರಬಹುದು, ಪಂಚಾಂಗ ಇರಬಹುದು, ಜನ ಸೇರುವ ಜಾಗ ಇರಬಹುದು. ಈ ಪುರಾತತ್ವದವರು ನಮ್ಮ ಅಳಿಯನ ಹತ್ತಿರದ ನೆಂಟರೇ ಇರಬೇಕು, ಬೋರ್ಡಿನ ತುಂಬಾ ‘ಇರಬಹುದು’. ಬಂದ ಜನವೋ, ಒಬ್ಬೊಬ್ಬರೂ ಕಲ್ಲನ್ನು ತಬ್ಬಿಕೊಂಡು ಫೋಟೋ ಹೊಡೆಸಿಕೊಳ್ಳುತ್ತಿದ್ದರು. ಮನೆಯಲ್ಲಿ ಅತ್ತೆಯನ್ನು ಒಮ್ಮೆಯೂ ಹೀಗೆ ತಬ್ಬಿಕೊಂಡಿರಲಾರರು. ನಾನು ಒಂದು ಕಲ್ಲಿನ ನೆರಳಿನಲ್ಲಿ ಕೂತು ಬೂಟಿನೊಳಗೆ ಸೇರಿದ ಮಣ್ಣು ಕೊಡವಿಕೊಂಡೆ.

ಆಮೇಲೆ ಪಾಳುಬಿದ್ದ ಪಟ್ಟಣ. ಸೂರಿಲ್ಲದ ಮನೆಗಳು, ತಲೆಯಿಲ್ಲದ ಕಂಬಗಳು, ಮೂಗಿಲ್ಲದ ಮೂರ್ತಿಗಳು. ಇದ್ದ ಒಂದು ಗೋಡೆಯ ಮೇಲೂ ಯಾವನೋ ತನ್ನ ಪ್ರೇಯಸಿಯ ಹೆಸರು ಕೆತ್ತಿದ್ದಾನೆ, ಅದರಲ್ಲೂ ಕಾಗುಣಿತ ತಪ್ಪು. ಅಲ್ಲಿಯ ಗೈಡು ಟೋಪಿ ಹಾಕಿಕೊಂಡು, ರಾಜನೇ ತನಗೆ ಬೀಗದ ಕೈ ಕೊಟ್ಟು ಹೋಗಿದ್ದಾನೆ ಎಂಬಂತೆ ಎದೆಯುಬ್ಬಿಸಿಕೊಂಡು ನಡೆಯುತ್ತಿದ್ದ. ಒಂದು ಗುಂಡಿ ತೋರಿಸಿ ಸ್ನಾನದ ಮನೆ ಎಂದ. ಅಂಥದೇ ಇನ್ನೊಂದು ಗುಂಡಿಯನ್ನು ಉಗ್ರಾಣ ಎಂದ. ನಾನು ಮೂರನೆಯ ಗುಂಡಿ ತೋರಿಸಿ ಇದೇನಪ್ಪಾ ಎಂದರೆ, ಅದು ಮೊನ್ನೆ ಪೈಪು ಹಾಕಲು ತೋಡಿದ್ದಂತೆ.

ಒಂದು ವಿಷಯ ಮಾತ್ರ ಒಪ್ಪುತ್ತೇನೆ. ಆ ಪಟ್ಟಣದ ಬೀದಿಗೆ ಕಲ್ಲು ಹಾಸಿದ್ದಾರೆ, ಗಾಡಿಯ ಚಕ್ರಗಳು ಓಡಿ ಓಡಿ ಆ ಕಲ್ಲಿನಲ್ಲಿ ಎರಡು ಗೆರೆ ಆಳವಾಗಿ ಸವೆದಿವೆ. ಅದನ್ನು ನೋಡಿ ಸ್ವಲ್ಪ ಹೊತ್ತು ನಿಂತೆ. ನೆಟ್ಟಗೆ, ತಮ್ಮ ಪಾಡಿಗೆ ತಾವು ಓಡಿಸಿಕೊಂಡು ಹೋದ ಜನ ಎಂದು ಅಂದುಕೊಳ್ಳುವಷ್ಟರಲ್ಲಿ ಬೀದಿಯ ತಿರುವು ಬಂತು. ಅಲ್ಲಿಯ ಮೂಲೆಗಲ್ಲು ಗೀರು ಬಿದ್ದು ಬಿದ್ದು ಅರ್ಧವೇ ಉಳಿದಿದೆ. ಸಾವಿರಾರು ವರ್ಷದ ಹಿಂದೆಯೂ ತಿರುವಿಗೆ ಮುಂಚೆ ನಿಧಾನಿಸಬೇಕೆಂಬುದು ಒಬ್ಬನಿಗೂ ಗೊತ್ತಿರಲಿಲ್ಲ, ಈಗಲೂ ಗೊತ್ತಿಲ್ಲ. ಗೈಡು ಇದನ್ನು ನಾಗರಿಕತೆ ಎಂದು ಕರೆದ.

ಅಲ್ಲೇ ಒಂದು ಸಣ್ಣ ಘಟನೆ ನಡೆಯಿತು. ನಿನ್ನ ಮಗಳು ನಿನಗೆ ಬಣ್ಣ ಕಟ್ಟಿ ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ. ಹೊರಗೆ ಬರುವಾಗ ಮರದ ಕೆಳಗೆ ಒಂದು ಮೂರ್ತಿ ಕೂತಿತ್ತು. ಕೈ ಕಾಲು ಮೂಗು ಎಲ್ಲ ಸರಿಯಾಗಿತ್ತು. “ಸದ್ಯ, ಇದೊಂದಾದ್ರೂ ಪೂರ್ತಿ ಉಳಿದಿದೆ” ಎಂದೆ. ಮೂರ್ತಿ ಎದ್ದು ನಿಂತು ಟಿಕೆಟ್ ಕೇಳಿತು. ಅವನು ಅಲ್ಲಿಯ ಕಾವಲುಗಾರ. ಮಣ್ಣಿನ ಬಣ್ಣದ ಬಟ್ಟೆ ಹಾಕಿಕೊಂಡು, ಸಂಬಳಕ್ಕೆ ತಕ್ಕಂತೆ ಅಲ್ಲಾಡದೆ ಕೂತಿದ್ದರೆ ಯಾರಿಗಾದರೂ ಹಾಗೆಯೇ ಅನ್ನಿಸುತ್ತದೆ. ಮಗಳು ನಗಲಿಲ್ಲ. ನಕ್ಕಿದ್ದರೆ ನಾನೂ ನಗುತ್ತಿದ್ದೆ. ಅವಳು ಗಂಡನ ಮುಖ ನೋಡಿದಳು, ಅವನು ಬೂಟಿನ ದಾರ ಕಟ್ಟಿಕೊಳ್ಳಲು ಬಗ್ಗಿದ. ಅವನ ಬೂಟಿಗೆ ದಾರವೇ ಇರಲಿಲ್ಲ.

ಸಮುದ್ರ ಹೇಗಿತ್ತು ಎಂದು ಕೇಳುತ್ತೀಯ. ನೀರು. ಅದರಾಚೆ ಇನ್ನೂ ನೀರು. ರಸ್ತೆ ಗುಡ್ಡದ ಅಂಚಿನಲ್ಲಿ ಹಾವಿನಂತೆ ಹೋಗುತ್ತದೆ, ಒಂದು ಕಡೆ ಬಂಡೆ, ಇನ್ನೊಂದು ಕಡೆ ಆಳದಲ್ಲಿ ನೊರೆ. ಗುಡ್ಡ ಇಳಿದರೆ ಉಪ್ಪಿನ ಗದ್ದೆಗಳು, ಬಿಳೀ ಗುಡ್ಡೆಗಳು, ಬೋರಲು ಹಾಕಿದ ದೋಣಿಗಳು, ಕಂಬದಿಂದ ಕಂಬಕ್ಕೆ ಒಣಹಾಕಿದ ಬಲೆಗಳು. ನೀನಿದ್ದಿದ್ದರೆ “ಎಷ್ಟು ಚೆನ್ನಾಗಿದೆ ರೀ” ಎಂದು ಐವತ್ತು ಸಲ ಹೇಳುತ್ತಿದ್ದೆ, ನಾನು ಐವತ್ತು ಸಲವೂ ಹ್ಞೂಂ ಎನ್ನಬೇಕಾಗಿತ್ತು. ಅದೊಂದು ಕಾಟ ನಿನ್ನೆ ಇರಲಿಲ್ಲ. ಆದರೆ ಹ್ಞೂಂ ಅನ್ನಿಸುವವರು ಯಾರೂ ಇಲ್ಲದಿದ್ದರೆ ಸಮುದ್ರವನ್ನು ಎಷ್ಟು ಹೊತ್ತು ನೋಡುವುದು? ರಸ್ತೆಯ ಪ್ರತಿ ತಿರುವಿನಲ್ಲೂ ಗಾಡಿ ನಿಲ್ಲಿಸಿಕೊಂಡು ಜನ ಸೂರ್ಯನಿಗೆ ಬೆನ್ನು ತಿರುಗಿಸಿ, ತಮ್ಮ ಮುಖದ ಫೋಟೋ ತಾವೇ ತೆಗೆದುಕೊಳ್ಳುತ್ತಿದ್ದರು. ತಿರುವಿನಲ್ಲಿ ಗಾಡಿ ನಿಲ್ಲಿಸಬಾರದೆಂದು ಜೀವಮಾನವಿಡೀ ಗಂಟಲು ಹರಿದುಕೊಂಡಿದ್ದೇನೆ. ಹಾಗೆ ನಿಂತವರಲ್ಲಿ ಒಬ್ಬ, “ನಮಸ್ಕಾರ ಮಾಸ್ತರೇ!” ಎಂದು ಕೈ ಬೀಸಿದ. ನನ್ನ ಶಿಷ್ಯನೇ. ಮುಖ ತಿರುಗಿಸಿಕೊಂಡೆ.

ದಿನದ ಕೊನೆಯ ಕಾರುಬಾರು ಬಾಕಿ ಇದೆ. ಮೀನುಗಾರರ ಕೇರಿಯೊಂದನ್ನು ದಾಟುತ್ತಿದ್ದೆವು. ಅಳಿಯ ಹಿಂದಿನಿಂದ ಫ್ಲಾಸ್ಕಿನ ಟೀ ಬಗ್ಗಿಸಿ ಕೊಟ್ಟಿದ್ದ. ಇನ್ನೇನು ತುಟಿಗೆ ಹಿಡಿಯಬೇಕು, ನಿನ್ನ ಮಗಳು ಏಕಾಏಕಿ ಬ್ರೇಕ್ ತುಳಿದಳು ನೋಡು! ಟೀ ಪೂರ್ತಿ ನನ್ನ ತೊಡೆಗೆ. ಬಿಳೀ ಪ್ಯಾಂಟು, ನೀನು ಇಸ್ತ್ರಿ ಮಾಡಿಟ್ಟು ಹೋದದ್ದು. ಯಾರೋ ಒಬ್ಬ ಹೆಂಗಸು ತಲೆಯ ಮೇಲೆ ಬಲೆ ಹೊತ್ತುಕೊಂಡು ರಸ್ತೆ ದಾಟುತ್ತಿದ್ದಳಂತೆ. ದಾಟಲಿ. ಅದಕ್ಕೆ ಹೀಗೆ ಮುಗ್ಗರಿಸಬೇಕೇ? ನಾನು ಕಲಿಸಿದ್ದು ಹೀಗೆಯೇ? ಮೆಲ್ಲಗೆ ಒತ್ತು, ಮೊದಲೇ ಒತ್ತು ಎಂದು ಅವಳಿಗೆ ಹೇಳಿದಷ್ಟು ಯಾರಿಗೂ ಹೇಳಿಲ್ಲ. ನನಗೆ ತಡೆಯಲಾಗಲಿಲ್ಲ. “ಬ್ರೇಕ್ ಅಂದ್ರೆ ಜಿರಳೆ ಅಂದ್ಕೊಂಡ್ಯಾ, ಹಾಗೆ ತುಳಿಯೋಕೆ?” ಎಂದು ಶಾಲೆಯ ದನಿಯಲ್ಲೇ ಗದರಿದೆ. ಅವಳು ಎರಡೂ ಕೈ ಸ್ಟೇರಿಂಗಿನ ಮೇಲಿಟ್ಟುಕೊಂಡೇ ಕೂತಳು. ನಾನು ಇನ್ನೂ ಏನೋ ಹೇಳಲು ಬಾಯಿ ತೆಗೆದೆ. ಆಗ ಹಿಂದಿನ ಸೀಟಿನಿಂದ, “ಸಾಕು ಮಾವ. ಸುಮ್ನಿರಿ” ಎಂಬ ಮಾತು ಬಂತು. ಇರಬಹುದು ಇಲ್ಲ, ನಡೆಯುತ್ತೆ ಇಲ್ಲ. ಹಾಫ್ ಕ್ಲಚ್ಚಿನ ಬಾಯಲ್ಲಿ ಅಂಥ ಖಡಾಖಂಡಿತ ಮಾತು ಕೇಳಿ ನನಗೆ ಟೀಯ ಬಿಸಿಯೇ ಮರೆತುಹೋಯಿತು. ಮಾವನಿಗೆ ಕೊಡುವ ಮರ್ಯಾದೆ ಇದೇ ಏನು, ನೀನೇ ಹೇಳು.

ಆಮೇಲೆ ಊರು ಬರುವವರೆಗೂ ಕಾರಿನಲ್ಲಿ ಮಾತನಾಡಿದ್ದು ಆ ಟಿ.ವಿ.ಯೊಳಗಿನ ಹೆಂಗಸೊಬ್ಬಳೇ. ಸೂರ್ಯ ಮುಳುಗುವುದನ್ನು ನೋಡಲು ಜನ ಸಾಲುಗಟ್ಟಿ ನಿಂತಿದ್ದರು, ದಿನಾ ಮುಳುಗುವುದೇ ಅಲ್ಲವೇ! ನಾವು ನಿಲ್ಲಲಿಲ್ಲ. ಮನೆಗೆ ಬಂದು ಪ್ಯಾಂಟನ್ನು ನೀರಿಗೆ ಹಾಕಿದೆ. ಕಲೆ ಹೋಗಿಲ್ಲ.

ಹೀಗಿತ್ತು ನನ್ನ ಪ್ರವಾಸ. ಯಾರಾದರೂ ಕೇಳಿದರೆ, ಕಲ್ಲು ನೋಡಲು ಅಷ್ಟು ದೂರ ಹೋಗಬೇಕಾಗಿಲ್ಲ, ನಮ್ಮ ಅಳಿಯನ ಜೊತೆ ಒಂದು ಗಂಟೆ ಕೂತರೆ ಸಾಕು ಎಂದು ಹೇಳು. ನಿನ್ನ ಅಕ್ಕನಿಗೆ ಮಂಡಿ ಹುಷಾರು ಎಂದು ಹೇಳು, ಮೆಟ್ಟಿಲು ಹತ್ತುವ ದುಸ್ಸಾಹಸ ಬೇಡ. ಭಾವನಿಗೆ ನಮಸ್ಕಾರ, ಗುಟ್ಟು ಬಿಟ್ಟುಕೊಟ್ಟದ್ದಕ್ಕೆ ಇನ್ನೊಂದು ನಮಸ್ಕಾರ. ಅವರ ಮನೆಯ ಮಕ್ಕಳಿಗೆಲ್ಲ ನನ್ನ ಆಶೀರ್ವಾದ. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು.

ಇಂತಿ ನಿನ್ನ,
‘ರೀ’

ತಾ.ಕ. ಲಕೋಟೆಗೆ ಅಂಟು ಹಚ್ಚಿದವನು ಮತ್ತೆ ಬಿಡಿಸಿದ್ದೇನೆ, ಅಂಚೆಯವನು ಬರುವ ಹೊತ್ತಾಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ. ಆ ಬಲೆ ಹೊತ್ತ ಹೆಂಗಸು ನನ್ನ ಕಡೆಯಿಂದಲೇ ರಸ್ತೆಗೆ ಇಳಿದು, ಕಾರಿನ ಮುಂದೆಯೇ ಬಂದಿದ್ದಳು. ಅವಳ ಅಂಗೈ ಬಾನೆಟ್ಟಿನ ಮೇಲೆ ಬಡಿದ ಸದ್ದು ಕೇಳಿದ ಮೇಲೆಯೇ ನನಗೆ ಅವಳು ಕಂಡದ್ದು. ನಾನು ಗದರಿದಾಗ ಮಗಳು ನನ್ನ ಮುಖ ನೋಡಲಿಲ್ಲ, ಕೆಳಗೆ ನನ್ನ ಕಾಲು ನೋಡಿದಳು. ಅದು ಒತ್ತಿರಲಿಲ್ಲ. ಮ್ಯಾಟಿನ ಮೇಲೆ ಸುಮ್ಮನೆ ಬಿದ್ದಿತ್ತು. ಅದು ನಮ್ಮ ಶಾಲೆಯ ಕಾರಾಗಿದ್ದು, ಸ್ಟೇರಿಂಗ್ ಹಿಡಿದದ್ದು ಕಲಿಯಲು ಬಂದ ಯಾವುದೋ ಹುಡುಗಿಯಾಗಿದ್ದರೆ ಆ ಹೆಂಗಸು ಇವತ್ತು ಇರುತ್ತಿರಲಿಲ್ಲ. ಮನೆಯ ಮುಂದೆ ಇಳಿಸುವಾಗ ಮಗಳು, “ಅಮ್ಮಂಗೆ ನಾನು ಹೇಳಲ್ಲ ಅಪ್ಪಾ, ನೀನೇ ಹೇಳು” ಎಂದಳು. ಹೇಳಿದ್ದೇನೆ. ಇವತ್ತು ಬೆಳಿಗ್ಗೆ ಪಾಠಕ್ಕೆ ಬಂದವಳಿಗೆ ಕಾರು ಕೆಟ್ಟಿದೆ ಎಂದು ಹೇಳಿ ವಾಪಸ್ಸು ಕಳಿಸಿದೆ. ಕಾರಿಗೆ ಏನೂ ಆಗಿಲ್ಲ. ನನಗೆ ಹೆದರಿಕೆಯಾಗಿದೆ, ಇವಳೇ. ಕಣ್ಣಿನ ಡಾಕ್ಟರ ಹತ್ತಿರ ಒಬ್ಬನೇ ಹೋಗಲಾರೆ, ಬಾ. ಬಸ್ಸು ಹಿಡಿದು ಬಾ, ನಿಲ್ದಾಣದಲ್ಲಿ ಕಾಯುತ್ತಿರುತ್ತೇನೆ. ಅಲ್ಲಿಂದ ಮನೆಗೆ ಇಬ್ಬರೂ ನಡೆದೇ ಬರೋಣ.